ಗಂಟಲು ಒಣಗಿಸುವ ಆರು ಸೆಕೆಂಡು

"ಜಾಹೀರಾತು ನೋಡಿ ನಾನೇನೂ ಕೂಲ್ ಡ್ರಿಂಕ್ಸ್ ಕುಡಿಯಲ್ಲ, ಸುಮ್ನೆ ಸ್ಕ್ರೋಲ್ ಮಾಡ್ಕೊಂಡು ಹೋಗ್ತೀನಿ." ಇಪ್ಪತ್ತರ ಆಸುಪಾಸಿನವರು ಹೀಗೆ ಹೇಳಿದಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ಬೆರಳು ಮುಂದೆ ಹೋಗಿರಬಹುದು. ಮಿದುಳು ಅಷ್ಟರಲ್ಲೇ ತನ್ನ ಪಾಠ ಕಲಿತಿರುತ್ತದೆ.

ಆರು ಸೆಕೆಂಡಿನ ಒಂದು ವಿಡಿಯೋ ತೆಗೆದುಕೊಳ್ಳಿ. ಕ್ಯಾನ್ ತೆರೆಯುವ 'ಚಸ್' ಸದ್ದು. ಗ್ಲಾಸಿಗೆ ಬೀಳುವ ಐಸ್. ಕ್ಯಾನಿನ ಮೈಮೇಲೆ ಜಾರದೆ ನಿಂತ ಹನಿಗಳು. ಆ ಹನಿ ಎಷ್ಟೋ ಸಲ ಬರೀ ನೀರಲ್ಲ; ದೀಪದ ಬಿಸಿಗೆ ಬೇಗ ಆರದಿರಲಿ ಅಂತ ಗ್ಲಿಸರಿನ್ ಬೆರೆಸಿ ಸಿಂಪಡಿಸಿರುತ್ತಾರೆ. "ಕೊಳ್ಳಿ" ಅಂತ ಯಾರೂ ಹೇಳುವುದಿಲ್ಲ. ಆದರೂ ಗಂಟಲು ಒಣಗಿದ ಹಾಗಾಗುತ್ತದೆ, ಅಲ್ವಾ?

ಇಲ್ಲಿ ಡೋಪಮೈನ್‌ನ, ಅಂದರೆ ಮಿದುಳಿನ ನರಕೋಶಗಳು ಸಂದೇಶ ದಾಟಿಸಲು ಬಳಸುವ ಒಂದು ರಾಸಾಯನಿಕದ, ಕೈವಾಡವಿದೆ. ಅದನ್ನು 'ಖುಷಿಯ ರಾಸಾಯನಿಕ' ಅಂತ ಕರೆದು ಕರೆದು ಅಸಲಿ ವಿಷಯವೇ ಮರೆಯಾಗಿದೆ. 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಜ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ನರಕೋಶಗಳ ಚಟುವಟಿಕೆಯನ್ನು ಅಳೆದರು. ಕೋತಿಗೆ ಕೊಟ್ಟಿದ್ದು ಹಣ್ಣಿನ ರಸದ ಹನಿ. ಮೊದಮೊದಲು ರಸ ಬಾಯಿಗೆ ಬಿದ್ದಾಗ ನರಕೋಶಗಳು ಚುರುಕಾದವು. ರಸಕ್ಕೆ ಮುಂಚೆ ಪ್ರತಿ ಸಲ ಒಂದು ಸೂಚನೆ ಕೊಡುತ್ತಾ ಬಂದ ಮೇಲೆ ಲೆಕ್ಕವೇ ಬದಲಾಯಿತು. ಸೂಚನೆ ಸಿಕ್ಕ ಕೂಡಲೇ ಚುರುಕು, ರಸ ಬಂದಾಗ ಮಾಮೂಲು! ಸೂಚನೆ ಬಂದೂ ರಸ ಬರದಿದ್ದರೆ, ಅದು ಬರಬೇಕಿದ್ದ ಹೊತ್ತಿಗೆ ಸರಿಯಾಗಿ ನರಕೋಶಗಳು ಮಂಕಾದವು.

ನವಿಲು ಕುಣಿಯುವುದು ಮೋಡ ಕಂಡಾಗ ಅಂತಾರೆ, ಮಳೆ ಬೀಳುವ ತನಕ ಅದು ಕಾಯುವುದಿಲ್ಲವಂತೆ. ಬಾಗಿಲ ಬೆಲ್ ಆದರೆ ಸಾಕು, ಅಪ್ಪನ ಮುಖ ಕಾಣುವ ಮೊದಲೇ ಮಗು ಎದ್ದು ಓಡುತ್ತದೆ. ಆ 'ಚಸ್' ಸದ್ದು ಮೋಡವೂ ಹೌದು, ಬೆಲ್ಲೂ ಹೌದು. ಕುಡಿಯದೆ ಬಿಟ್ಟಾಗ ಏನೋ ಕಳೆದುಕೊಂಡ ಹಾಗೆ ಅನಿಸುವುದಕ್ಕೂ ಈ ಮಂಕಿಗೂ ನಂಟಿದೆ ಅನ್ನುವುದು ನನ್ನ ಅನಿಸಿಕೆ.

ಆನ್‌ಲೈನ್‌ನಲ್ಲಿ ಈ ಬೆಲ್ ಬಾರಿಸುವವರು ಜಾಸ್ತಿ. ಗೆಳತಿಯ ಸ್ಟೋರಿಯಲ್ಲೂ ಅದೇ ಕ್ಯಾನ್, ಗೇಮ್ ಆಡುವವನ ಮೇಜಿನ ಮೇಲೂ ಅದೇ ಕ್ಯಾನ್. ನೀವು ಎಲ್ಲಿ ಒಂದು ಗಳಿಗೆ ನಿಂತಿರಿ ಅನ್ನುವುದು ಕೂಡ ಆ್ಯಪ್‌ನ ಲೆಕ್ಕಕ್ಕೆ ಸಿಗುತ್ತದೆ. ಕಂಡದ್ದನ್ನೇ ಮತ್ತೆ ಮತ್ತೆ ಕಂಡರೆ ಅದು ಹಿಡಿಸತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲೇ ತೋರಿಸಿದ್ದರು, ಅದೂ ಅರ್ಥವಿಲ್ಲದ ಪದಗಳನ್ನಿಟ್ಟುಕೊಂಡು. ಮಕ್ಕಳಿಗೆ ಇಂಥ ಜಾಹೀರಾತು ತೋರಿಸಬಾರದು ಅನ್ನುವ ನಿಯಮಗಳು ಹಲವು ದೇಶಗಳಲ್ಲಿವೆ. ಹದಿನೆಂಟು ದಾಟಿದವರನ್ನು ಕೇಳುವವರು ಕಡಿಮೆ. ತಮ್ಮ ದುಡ್ಡಿನಲ್ಲಿ ತಮಗೆ ಬೇಕಾದ್ದು ಕೊಳ್ಳಲು ಶುರು ಮಾಡುವುದು ಆ ವಯಸ್ಸಿನಲ್ಲೇ. ನನ್ನ ಆತಂಕ ಅದು.

ಹಾಗೆ ಕೊಂಡ 330 ಮಿಲಿಲೀಟರಿನ ಮಾಮೂಲಿ ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಾದರೆ ಕುಡಿಯುವುದು ಬಿಟ್ಟರೆ ಬೆಲ್ಲಿನ ಕಾಟ ತಪ್ಪುತ್ತದೆಯೇ? ಇದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ನೂರು ವರ್ಷದ ಹಿಂದೆಯೇ ನಾಯಿಗಳಲ್ಲಿ ನೋಡಿದ್ದರು. ಊಟಕ್ಕೆ ಮುಂಚೆ ಪ್ರತಿ ಸಲ ಒಂದು ಸದ್ದು ಕೇಳಿಸುತ್ತಾ ಬಂದರೆ, ಸದ್ದಿಗೇ ಜೊಲ್ಲು ಸುರಿಸಲು ನಾಯಿ ಕಲಿಯುತ್ತದೆ. ಆಮೇಲೆ ಅನ್ನ ಹಾಕದೆ ಬರೀ ಸದ್ದು ಕೇಳಿಸುತ್ತಾ ಹೋದರೆ ನಾಯಿಯ ಜೊಲ್ಲು ನಿಲ್ಲುತ್ತದೆ. ಸ್ವಲ್ಪ ಬಿಡುವು ಕೊಟ್ಟು ಮತ್ತೆ ಅದೇ ಸದ್ದು ಮಾಡಿದರೆ, ಜೊಲ್ಲು ವಾಪಸ್ ಬರುತ್ತದೆ.