ಎಫ್‌ಡಿಎ ಕಮಿಷನರ್ ಮತ್ತು ರಾಜಕೀಯ ಒತ್ತಡ: ಸಹಿ ಯಾರದು, ಅಧಿಕಾರ ಯಾರದು?

ಎಫ್‌ಡಿಎ ಕಮಿಷನರ್ ಮೇಲೆ ರಾಜಕೀಯ ಒತ್ತಡ ಹೇಗೆ ಬರುತ್ತದೆ, ಅದಕ್ಕೆ ಪರಿಹಾರ ಏನು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಬರೆಯಲು ಈ ಟಿಪ್ಪಣಿ. ಅಮೆರಿಕದ ಎಫ್‌ಡಿಎ ಔಷಧಿ, ಲಸಿಕೆ, ಆಹಾರದ ಮೇಲೆ ಕಣ್ಣಿಡುವ ಸಂಸ್ಥೆ. ಅದರ ಕಮಿಷನರನ್ನು ಅಧ್ಯಕ್ಷರು ಹೆಸರಿಸುತ್ತಾರೆ, 1988ರ ಕಾನೂನಿನ ಪ್ರಕಾರ ಸೆನೆಟ್ ಕೂಡ ಒಪ್ಪಬೇಕು. ಈ ಭಾಗ ಸುಲಭ.

ಅವಧಿಯ ವಿಷಯ ಮಾತ್ರ ನೆನಪಿಡಿ. ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಗವರ್ನರ್‌ಗೆ 14 ವರ್ಷ, ಎಫ್‌ಬಿಐ ನಿರ್ದೇಶಕರಿಗೆ 10 ವರ್ಷ. ಎಫ್‌ಡಿಎ ಕಮಿಷನರ್‌ಗೆ ಇಂತಿಷ್ಟೇ ವರ್ಷ ಅಂತ ಇಲ್ಲ. ಅಧ್ಯಕ್ಷರು ಬೇಡ ಅಂದ ದಿನ ಹೊರಡಬೇಕು.

ಈಗ ನನಗೆ ತುಂಬಾ ಹೊತ್ತು ತಲೆಗೆ ಹತ್ತದ ಜಾಗ. ಔಷಧಿಗೆ ಅನುಮತಿ ಕೊಡುವುದು ಎಫ್‌ಡಿಎ, ಹಾಗಾದರೆ ಆರೋಗ್ಯ ಇಲಾಖೆಯ ಸೆಕ್ರೆಟರಿ ಅದನ್ನು ತಡೆಯುವುದು ಹೇಗೆ ಸಾಧ್ಯ? (ಅಲ್ಲಿ ಸೆಕ್ರೆಟರಿ ಅಂದರೆ ಸಂಪುಟದ ಸಚಿವರು.) ಉತ್ತರ ಕಾನೂನಿನಲ್ಲೇ ಇದೆ. ಔಷಧಿ ಕಾಯ್ದೆ ಅನುಮತಿಯ ಅಧಿಕಾರ ಕೊಟ್ಟಿರುವುದು ಸೆಕ್ರೆಟರಿಗೆ. ಸೆಕ್ರೆಟರಿ ಅದನ್ನು ಕಮಿಷನರ್‌ಗೆ ವಹಿಸಿದ್ದಾರೆ. ಕಮಿಷನರ್ ಅದನ್ನು ಕೆಳಗಿನ ಅಧಿಕಾರಿಗಳಿಗೆ ವಹಿಸಿದ್ದಾರೆ. ದಿನನಿತ್ಯದ ಸಹಿ ಕೆಳಗಿನವರದು, ಮೂಲ ಅಧಿಕಾರ ಮೇಲಿನವರದು. ವಹಿಸಿದ್ದನ್ನು ವಾಪಸ್ ತೆಗೆದುಕೊಳ್ಳಬಹುದು ಅಲ್ವಾ? 2020ರ ಸೆಪ್ಟೆಂಬರ್‌ನಲ್ಲಿ ಸೆಕ್ರೆಟರಿ ಅಲೆಕ್ಸ್ ಅಜಾರ್ ಅದನ್ನೇ ಮಾಡಿದರು. ನಿಯಮಗಳಿಗೆ ಸಹಿ ಹಾಕುವ ಅಧಿಕಾರವನ್ನು ಒಂದು ಪತ್ರದ ಮೂಲಕ ತಮ್ಮ ಕೈಗೆ ಎಳೆದುಕೊಂಡರು.

ಇದನ್ನು ಗಟ್ಟಿ ಮಾಡಿಕೊಳ್ಳಲು ಪ್ಲಾನ್ ಬಿ ಪ್ರಕರಣವೊಂದೇ ಸಾಕು. ಇದು ತುರ್ತು ಗರ್ಭನಿರೋಧಕ ಮಾತ್ರೆ. ವೈದ್ಯರ ಚೀಟಿ ಇಲ್ಲದೆ ಮಾರಬಹುದೇ ಎಂಬುದು ಪ್ರಶ್ನೆ. 2003ರ ಡಿಸೆಂಬರ್‌ನಲ್ಲಿ ಸಲಹಾ ಸಮಿತಿ 23–4 ಮತಗಳಿಂದ ಆಗಬಹುದು ಎಂದಿತು. ಸಮಿತಿಯ ಮಾತು ಬರೀ ಸಲಹೆ, ಎಫ್‌ಡಿಎ ಪಾಲಿಸಲೇಬೇಕೆಂದಿಲ್ಲ. 2004ರ ಮೇನಲ್ಲಿ ಅರ್ಜಿ ತಿರಸ್ಕಾರವಾಯಿತು. ಆ ಪತ್ರದ ಸಹಿ ನೋಡಿ. ಸಾಮಾನ್ಯವಾಗಿ ಸಹಿ ಹಾಕಬೇಕಿದ್ದ ವಿಭಾಗದ ಮುಖ್ಯಸ್ಥರು ಈ ತೀರ್ಮಾನ ಒಪ್ಪಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಅವರ ಮೇಲಿನವರು ಹಾಕಿದರು. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2005ರಲ್ಲಿ ಇದನ್ನು ಅಸಹಜ ನಡೆ ಎಂದೇ ಗುರುತಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ತೀರ್ಮಾನ ಮತ್ತೆ ಮುಂದಕ್ಕೆ ಹೋದಾಗ ಮಹಿಳಾ ಆರೋಗ್ಯ ವಿಭಾಗದ ಮುಖ್ಯಸ್ಥೆ ಸೂಸನ್ ವುಡ್ ರಾಜೀನಾಮೆ ಕೊಟ್ಟರು. ವಿಜ್ಞಾನಿಗಳ ಕೆಲಸವನ್ನು ಹೀಗೆ ಬದಿಗೆ ಸರಿಸಿದ್ದು ಓದಿದಾಗ ನಿಜಕ್ಕೂ ಬೇಸರವಾಗುತ್ತದೆ.

ಸೆನೆಟ್ ಕೂಡ ಒತ್ತಡ ಹಾಕುತ್ತದೆ, ಅದೂ ಇನ್ನೊಂದು ದಿಕ್ಕಿನಿಂದ. ಡೆಮಾಕ್ರಟಿಕ್ ಪಕ್ಷದ ಸೆನೆಟರ್‌ಗಳಾದ ಹಿಲರಿ ಕ್ಲಿಂಟನ್ ಮತ್ತು ಪ್ಯಾಟಿ ಮರ್ರೆ, ಪ್ಲಾನ್ ಬಿ ಬಗ್ಗೆ ಏನಾದರೂ ಒಂದು ತೀರ್ಮಾನ ಹೇಳುವ ತನಕ ಕಮಿಷನರ್ ನೇಮಕಕ್ಕೆ ಅಡ್ಡ ನಿಂತರು. 2006ರ ಆಗಸ್ಟ್‌ನಲ್ಲಿ 18 ತುಂಬಿದವರಿಗೆ ಅನುಮತಿ ಬಂತು. ಹಂಗಾಮಿ ಕಮಿಷನರ್ ಆಗಿದ್ದ ಆಂಡ್ರ್ಯೂ ವಾನ್ ಎಶೆನ್‌ಬಾಕ್ ಡಿಸೆಂಬರ್‌ನಲ್ಲಿ ಕಾಯಂ ಆದರು.

ಇಲ್ಲಿಯವರೆಗಿನದು ಬುಷ್ ಕಾಲದ್ದು; ಆದರೆ ಇದು ಬರೀ ರಿಪಬ್ಲಿಕನ್ನರ ಕಾಲದ ಕಥೆ ಅಂತ ಬರೆದರೆ ಉತ್ತರ ಅರ್ಧವೇ ಆಗುತ್ತದೆ. 2011ರ ಡಿಸೆಂಬರ್‌ನಲ್ಲಿ, ಡೆಮಾಕ್ರಟ್ ಒಬಾಮಾ ಸರ್ಕಾರದಲ್ಲಿ, ಕಮಿಷನರ್ ಮಾರ್ಗರೆಟ್ ಹ್ಯಾಂಬರ್ಗ್ ವಯಸ್ಸಿನ ಮಿತಿ ತೆಗೆಯಲು ಸಿದ್ಧರಿದ್ದರು. ಸೆಕ್ರೆಟರಿ ಕ್ಯಾಥ್ಲೀನ್ ಸೆಬೆಲಿಯಸ್ ಬೇಡ ಎಂದರು. ಮೇಲೆ ಹೇಳಿದ ಅಧಿಕಾರದ ಮೆಟ್ಟಿಲು ಇಲ್ಲಿ ಕಣ್ಣಿಗೆ ಕಾಣುತ್ತದೆ. ಕೊನೆಗೆ ಕೋರ್ಟ್ ಆದೇಶದ ನಂತರ, 2013ರ ಜೂನ್‌ನಲ್ಲಿ ಮಿತಿ ಹೋಯಿತು.

ಕೋವಿಡ್ ಕಾಲಕ್ಕೆ ದಿನಾಂಕಗಳ ಒಂದು ಜೋಡಿ ಸಾಕು: ಅಧ್ಯಕ್ಷ ಟ್ರಂಪ್ ಹೊಗಳುತ್ತಿದ್ದ ಮಲೇರಿಯಾ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ತುರ್ತು ಅನುಮತಿ 2020ರ ಮಾರ್ಚ್ 28, ವಾಪಸ್ ಪಡೆದದ್ದು ಜೂನ್ 15.

ಪರಿಹಾರ ಕೇಳಿದರೆ ಇದನ್ನು ಬರೆಯಿರಿ. 2019ರಲ್ಲಿ ಏಳು ಮಾಜಿ ಕಮಿಷನರ್‌ಗಳು ಒಟ್ಟಾಗಿ, ಎಫ್‌ಡಿಎಯನ್ನು ಆರೋಗ್ಯ ಇಲಾಖೆಯಿಂದ ಹೊರತಂದು ಸ್ವತಂತ್ರ ಸಂಸ್ಥೆ ಮಾಡಿ ಎಂದರು. ಅವರಲ್ಲಿ ಎರಡೂ ಪಕ್ಷಗಳ ಅಧ್ಯಕ್ಷರು ನೇಮಿಸಿದವರಿದ್ದರು. ವಾನ್ ಎಶೆನ್‌ಬಾಕ್ ಮತ್ತು ಹ್ಯಾಂಬರ್ಗ್ ಇಬ್ಬರ ಹೆಸರೂ ಆ ಪಟ್ಟಿಯಲ್ಲಿದೆ.