ಕಲಬುರಗಿಯ ಬಿಸಿಲು, ಎಂಜಿನ್ನಿನ ಬಿಸಿ

ಹೊಸದಾಗಿ ಕಾರು ಕೊಂಡವರಿಗೆ ಬಾನೆಟ್ಟಿನ ಕೆಳಗಿರುವ ಎಲ್ಲ ಭಾಗಗಳ ಹೆಸರೂ ಗೊತ್ತಿರಬೇಕೆಂದಿಲ್ಲ. ಆದರೆ ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ಮುಟ್ಟುವ ಕಲಬುರಗಿಯಂಥ ಊರಿನಲ್ಲಿ, ಎಂಜಿನ್ನಿನ ಬಿಸಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂಬುದನ್ನು ಪ್ರತಿಯೊಬ್ಬ ಮಾಲೀಕರೂ ಅರಿತಿರಬೇಕು.

ಜರ್ಮನಿಯ ನಿಕೋಲಸ್ ಒಟ್ಟೊ 1876ರಲ್ಲಿ ರೂಪಿಸಿದ ನಾಲ್ಕು ಹಂತಗಳ ಕ್ರಮವನ್ನೇ ಇಂದಿನ ಪೆಟ್ರೋಲ್ ಎಂಜಿನ್ನುಗಳೂ ಬಹುಮಟ್ಟಿಗೆ ಅನುಸರಿಸುತ್ತವೆ: ಗಾಳಿ ಮತ್ತು ಇಂಧನವನ್ನು ಒಳಗೆಳೆದುಕೊಳ್ಳುವುದು, ಒತ್ತುವುದು, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಉರಿಸುವುದು, ಹೊಗೆಯನ್ನು ಹೊರದಬ್ಬುವುದು. ಉರಿದ ಅನಿಲ ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಆ ಚಲನೆಯನ್ನು ಕನೆಕ್ಟಿಂಗ್ ರಾಡ್ ಮತ್ತು ಕ್ರ್ಯಾಂಕ್ ಶಾಫ್ಟ್‌ಗಳು ತಿರುಗುವಿಕೆಯಾಗಿ ಬದಲಿಸುತ್ತವೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಹೀಗೆ ಬೆಂಕಿ ಹೊತ್ತುತ್ತದೆ. ಆ ಅನಿಲದ ತಾಪ 2000 ಡಿಗ್ರಿಯನ್ನು ದಾಟುತ್ತದೆ. ಪಿಸ್ಟನ್ನಿನ ಮುಖ್ಯ ಲೋಹವಾದ ಅಲ್ಯೂಮಿನಿಯಂ ಕರಗುವುದು ಸುಮಾರು 660 ಡಿಗ್ರಿಯಲ್ಲಿ. ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗವಷ್ಟೇ ಚಲನೆಯಾಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಸೈಲೆನ್ಸರಿನ ಹೊಗೆಯಲ್ಲೂ ಎಂಜಿನ್ನನ್ನು ತಣಿಸುವ ಕೂಲೆಂಟ್ ದ್ರವದಲ್ಲೂ ಹೊರಟುಹೋಗುತ್ತದೆ. ಹೀಗೆ ಹೊರಟುಹೋಗುವುದರಿಂದಲೇ ಎಂಜಿನ್ ಉಳಿಯುತ್ತದೆ.

ವಾಟರ್ ಪಂಪ್ ಈ ದ್ರವವನ್ನು ಸಿಲಿಂಡರುಗಳ ಸುತ್ತ ಹರಿಸಿ ರೇಡಿಯೇಟರಿಗೆ ಕಳಿಸುತ್ತದೆ. ರೇಡಿಯೇಟರ್ ಬಿಟ್ಟುಕೊಡುವ ಬಿಸಿ, ದ್ರವಕ್ಕೂ ಹೊರಗಿನ ಗಾಳಿಗೂ ಇರುವ ತಾಪದ ಅಂತರವನ್ನು ಅವಲಂಬಿಸಿದೆ. ದ್ರವ 90 ಡಿಗ್ರಿಯಲ್ಲಿದ್ದು ಗಾಳಿ 20 ಡಿಗ್ರಿಯಲ್ಲಿದ್ದರೆ ಅಂತರ 70. ಗಾಳಿ 42 ಡಿಗ್ರಿಯಾದರೆ 48 ಮಾತ್ರ. ಅಂದರೆ ನಮ್ಮ ಬೇಸಿಗೆಯಲ್ಲಿ ಅದೇ ರೇಡಿಯೇಟರಿನ ಸಾಮರ್ಥ್ಯ ಸುಮಾರು ಮೂರನೆಯ ಒಂದು ಪಾಲು ಕುಗ್ಗುತ್ತದೆ. ಸಾಮಾನ್ಯವಾಗಿ ಅದರ ಮುಂದೆಯೇ ಇರುವ ಎಸಿಯ ಕಂಡೆನ್ಸರ್ ಆ ಗಾಳಿಯನ್ನು ಇನ್ನಷ್ಟು ಕಾಯಿಸಿರುತ್ತದೆ.

ಆದ್ದರಿಂದ ಕೂಲೆಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ತುಂಬುವ ರೂಢಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಶಹಾಬಾದ್, ಸೇಡಂ, ಚಿತ್ತಾಪುರದ ನೆಲದಡಿ ಇರುವುದು ಸುಣ್ಣಕಲ್ಲು. ಅಂಥ ನೆಲದ ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟು, ಶಹಾಬಾದ್ ಕಲ್ಲಿನ ಮುಖ್ಯ ದ್ರವ್ಯವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ರೇಡಿಯೇಟರಿನ ಸಣ್ಣ ನಳಿಕೆಗಳೊಳಗೆ ಪೊರೆಗಟ್ಟುತ್ತದೆ. ಬಿಸಿ ಆ ಪೊರೆಯನ್ನು ಸುಲಭವಾಗಿ ದಾಟಲಾರದು. ಕಾರಿನ ಕೈಪಿಡಿ ಸೂಚಿಸಿದ ಕೂಲೆಂಟನ್ನೇ ಹಾಕಬೇಕು. ನೀರು ಬೆರೆಸಬೇಕಾದರೆ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು.

ಎಂಜಿನ್ ಆಯಿಲ್ ಕೂಡ ಬಿಸಿಯನ್ನು ಒಯ್ಯುತ್ತದೆ: ಕೂಲೆಂಟ್ ತಲುಪದ ಪಿಸ್ಟನ್ನಿನ ಅಡಿ ಮತ್ತು ಬೇರಿಂಗುಗಳನ್ನು ತಣಿಸುವುದು ಅದೇ. ತೊಗರಿ ರಾಶಿಯ ಕಾಲದಲ್ಲಿ ಹೊಲದ ದಾರಿಗಳಲ್ಲಿ ಓಡಾಡುವವರು ಎಂಜಿನ್ನಿಗೆ ಹೋಗುವ ಗಾಳಿಯ ಧೂಳು ತಡೆಯುವ ಏರ್ ಫಿಲ್ಟರನ್ನೂ ಆಗಾಗ ನೋಡಿಸಬೇಕು.

ತಾಪದ ಮುಳ್ಳು ಕೆಂಪು ಗೆರೆಗೆ ಏರಿದರೆ ಎಸಿ ಆರಿಸಿ, ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲೇಬಾರದು. ಪ್ರೆಶರ್ ಕುಕ್ಕರಿನಲ್ಲಿದ್ದಂತೆ ಒಳಗಿನ ದ್ರವ ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇದ್ದು, ಮುಚ್ಚಳ ಸಡಿಲಿಸಿದ ಕೂಡಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹಾಗೆಯೇ ಓಡಿಸುತ್ತ ಹೋದರೆ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಅದರಡಿಯ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಬಹುದು. ಆಗ ಕೂಲೆಂಟ್ ಆಯಿಲಿಗೆ ಸೇರಿ, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಮೇಲೆ ಹಾಲುಬಣ್ಣ ಕಾಣಿಸಿಕೊಂಡರೆ, ರಿಪೇರಿ ಆಗುವವರೆಗೆ ಎಂಜಿನ್ ಸ್ಟಾರ್ಟ್ ಮಾಡದೆ ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.