ಹಾಕೆನ್‌ಕ್ರಾಯ್ಟ್ಸ್: ಶಾಲೆಯ ಡೆಸ್ಕಿನ ಮೇಲೆ ಕಾಣುವ ಆ ಗುರುತು

ಗೃಹಪ್ರವೇಶದ ದಿನ ಅಜ್ಜಿ ಕುಂಕುಮದಲ್ಲಿ ಬೆರಳದ್ದಿ ಬಾಗಿಲ ಪಕ್ಕ ಸ್ವಸ್ತಿಕ ಬರೆಯುತ್ತಾರೆ. ನಾಲ್ಕು ಮೂಲೆಗೂ ಒಂದೊಂದು ಚುಕ್ಕಿ ಇಡುತ್ತಾರೆ. ಸ್ವಸ್ತಿ ಅಂದರೆ ಒಳ್ಳೆಯದಾಗಲಿ ಅಂತ. ಅದೇ ಆಕಾರವನ್ನು ಅಮೆರಿಕದ ಶಾಲೆಯೊಂದರಲ್ಲಿ ಯಾರೋ ಕೈವಾರದ ಮೊನೆಯಿಂದ ಡೆಸ್ಕಿನ ಮೇಲೆ ಗೀಚಿದರೆ? ಅಲ್ಲಿ ಕೂರುವ ಯಹೂದಿ ಹುಡುಗಿಗೆ ಅದು ಬೆದರಿಕೆ.

ಈ ಎರಡನೆಯದರ ಹೆಸರೇ ಹಾಕೆನ್‌ಕ್ರಾಯ್ಟ್ಸ್. ಜರ್ಮನ್ ಮಾತು. ಹಾಕೆನ್ ಅಂದರೆ ಕೊಕ್ಕೆ, ಕ್ರಾಯ್ಟ್ಸ್ ಅಂದರೆ ಶಿಲುಬೆ. ಹಿಟ್ಲರನ ಪಕ್ಷ 1920ರಲ್ಲಿ ಇದನ್ನು ತನ್ನ ಬಾವುಟಕ್ಕೆ ಹಾಕಿಕೊಂಡಿತು. 1935ರಲ್ಲಿ ಅದೇ ಜರ್ಮನಿಯ ರಾಷ್ಟ್ರಧ್ವಜವಾಯಿತು. ಆ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು.

‘ವಾರೆ ಇದ್ದರೆ ನಾಜಿಗಳದ್ದು, ನೆಟ್ಟಗಿದ್ದರೆ ನಮ್ಮದು’ ಅಂತ ಹಲವರು ಹೇಳುತ್ತಾರೆ. ಅದನ್ನು ನಂಬಬೇಡಿ. ನಾಜಿಗಳು ನೆಟ್ಟಗಿರುವುದನ್ನೂ ಬಳಸಿದ್ದಾರೆ. ಯಾರು ಬರೆದರು, ಎಲ್ಲಿ ಬರೆದರು, ಯಾರ ಕಣ್ಣಿಗೆ ಬೀಳಲಿ ಅಂತ ಬರೆದರು, ಇದನ್ನು ನೋಡಬೇಕು.

ಕಾನೂನುಗಳೂ ಈಗ ಈ ವ್ಯತ್ಯಾಸ ಗುರುತಿಸುತ್ತಿವೆ. ಕ್ಯಾಲಿಫೋರ್ನಿಯಾ 2022ರಲ್ಲಿ ತನ್ನ ದ್ವೇಷ ಚಿಹ್ನೆಗಳ ಕಾನೂನನ್ನು ಬಿಗಿ ಮಾಡಿದಾಗ ಹಾಕೆನ್‌ಕ್ರಾಯ್ಟ್ಸ್ ಎಂಬ ಹೆಸರನ್ನೇ ಬಳಸಿತು. ಶಾಲೆಗಳನ್ನೂ ಅದರೊಳಗೆ ತಂದಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಅದೇ ವರ್ಷ ನಾಜಿ ಗುರುತನ್ನು ಬಹಿರಂಗವಾಗಿ ತೋರಿಸುವುದನ್ನು ನಿಷೇಧಿಸಿತು. ಹಿಂದೂ, ಬೌದ್ಧ, ಜೈನರ ಧಾರ್ಮಿಕ ಬಳಕೆಗೆ ಅಡ್ಡಿಯಿಲ್ಲ ಅಂತಲೂ ಬರೆಯಿತು.

ಇನ್ನು ಶಾಲೆಯ ಮಾತು. ಗೀಚಿದ್ದು ಕಂಡ ಕೂಡಲೇ ಫೋಟೊ ತೆಗೆದು, ಮುಚ್ಚಿ, ಆಮೇಲೆ ಅಳಿಸಬೇಕು. ಸುಮ್ನೆ ಒರೆಸಿ ಏನೂ ಆಗಿಲ್ಲ ಅನ್ನುವುದು ತಪ್ಪು. ಬರೆದ ಹುಡುಗನನ್ನು ಮೂರು ದಿನ ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದೂ ಸಾಲದು. ಆ ಮೂರು ದಿನ ಅವನು ಏನು ಕಲಿತ? ಎಷ್ಟೋ ಮಕ್ಕಳಿಗೆ ಇದು ಗೇಮ್ ಚಾಟಿನಲ್ಲೋ ಮೀಮಿನಲ್ಲೋ ಸಿಕ್ಕ ತಮಾಷೆ. ‘ಎಲ್ಲಿ ನೋಡಿದೆ? ಯಾರು ತೋರಿಸಿದ್ರು? ಇದರ ಕೆಳಗೆ ಏನೇನು ನಡೀತು ಗೊತ್ತಾ?’ ಅಂತ ಕೂರಿಸಿ ಕೇಳಬೇಕು. ಬೈಗುಳಕ್ಕಿಂತ ಈ ಮೂರು ಪ್ರಶ್ನೆ ಜಾಸ್ತಿ ಕೆಲಸ ಮಾಡುತ್ತವೆ ಅಂತ ನನಗೆ ಅನಿಸುತ್ತದೆ. ಉತ್ತರ ತಮಾಷೆಯದ್ದಲ್ಲ, ನಿಜವಾದ ದ್ವೇಷದ್ದು ಅಂತ ಕಂಡರೆ ಶಿಸ್ತಿನ ಕ್ರಮವೂ ಬೇಕು, ಮನೆಯವರ ಜೊತೆ ಗಟ್ಟಿ ಮಾತೂ ಬೇಕು.

ಹೊರದೇಶದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಇಲ್ಲಿ ಇನ್ನೊಂದು ಕೆಲಸ ಇದೆ. ಮಗಳು ದೀಪಾವಳಿ ಚಿತ್ರದಲ್ಲಿ ರಂಗೋಲಿ, ಸ್ವಸ್ತಿಕ ಬಿಡಿಸಿದ್ದಾಳೆ ಅಂದುಕೊಳ್ಳಿ. ಶಾಲೆಗೆ ಕಳಿಸುವ ಮೊದಲು ಟೀಚರಿಗೆ ಎರಡು ಸಾಲು ಬರೆಯಿರಿ. ಮಗಳಿಗೂ ಆ ಕಥೆಯನ್ನು ಪೂರ್ತಿ ಹೇಳಿ. ‘ನಮ್ಮದು ಪವಿತ್ರ’ ಎಂಬಲ್ಲಿಗೆ ನಿಲ್ಲಿಸಬೇಡಿ. ಪಕ್ಕದ ಹುಡುಗಿ ಅದನ್ನು ನೋಡಿ ಯಾಕೆ ಬೆಚ್ಚುತ್ತಾಳೆ ಅನ್ನುವುದೂ ಅವಳಿಗೆ ಗೊತ್ತಿರಬೇಕು, ಅಲ್ವಾ?

ಗೀಚಿದ ಡೆಸ್ಕಿನಲ್ಲಿ ಕೂರುವ ಆ ಯಹೂದಿ ಹುಡುಗಿಯ ಮನೆಗೆ ಶಾಲೆಯೇ ಅವತ್ತೇ ಫೋನ್ ಮಾಡಬೇಕು. ಡೆಸ್ಕಿನ ಸುದ್ದಿ ಸ್ಕೂಲ್ ಬಸ್ಸಿನ ಹುಡುಗರ ಬಾಯಿಂದ ಅವರಿಗೆ ಗೊತ್ತಾಗಬಾರದು.